ದತ್ತಾಂಶ ಪಾಠದ ಕರಾರಿನಲ್ಲಿ ‘ಶೇ 80’ ಎಂದಿದ್ದರೆ ಸಹಿ ಹಾಕಬೇಡಿ

ಶಿರಸಿ, ಕುಮಟಾ, ಕಾರವಾರದ ಮನೆಯಲ್ಲೇ ಕೂತು ಡೇಟಾ ಅನಾಲಿಸಿಸ್ ಕಲಿಸುವವರು ತರಬೇತಿ ಸಂಸ್ಥೆ ಕೊಡುವ ಕರಾರಿನ ಒಂದು ಸಾಲನ್ನು ಹುಡುಕಿ ಓದಬೇಕು: ‘ಶೇ 80ರಷ್ಟು ಮಂದಿ ಪ್ರಾಜೆಕ್ಟ್ ಸಲ್ಲಿಸಿದರೆ ಮಾತ್ರ ಸಂಭಾವನೆ.’ ಇದಕ್ಕೆ ಸಹಿ ಹಾಕಿದ ಘಟ್ಟದ ಮೇಲಿನ ತರಬೇತುದಾರರೊಬ್ಬರು 40 ಗಂಟೆ ಪಾಠ ಮಾಡಿಯೂ ಬರಿಗೈಯಲ್ಲಿ ಉಳಿದರು. ಪಾಠದಲ್ಲಿ ಕೊರತೆ ಇರಲಿಲ್ಲ.

ಪ್ರಾಜೆಕ್ಟ್ ನಿಂತದ್ದು ಕಲಿಯುವವರ ಕಂಪ್ಯೂಟರಿನಲ್ಲಿ. ಎಕ್ಸ್‌ಲುಕ್‌ಅಪ್ ಎಂಬ, ಪಟ್ಟಿಯಿಂದ ಬೇಕಾದ್ದನ್ನು ಹುಡುಕಿಕೊಡುವ ಸೂತ್ರ ಎಕ್ಸೆಲ್ 2016, 2019ರಲ್ಲಿ ಇಲ್ಲ. ಬರೆದರೆ ‘ನೇಮ್’ ಎಂಬ ದೋಷ ಬರುತ್ತದೆ. ಈ ಹಳೆಯ ಆವೃತ್ತಿ ಇರುವವರಿಗೆ ಅದೇ ಕೆಲಸದ ಇಂಡೆಕ್ಸ್–ಮ್ಯಾಚ್ ಸೂತ್ರ ಕಲಿಸಬೇಕು. ತಾರೀಖಿನದು ಇನ್ನೂ ಕೆಟ್ಟದ್ದು, ಏಕೆಂದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ವಿಂಡೋಸ್ ರೀಜನ್ ಅಮೆರಿಕದ್ದಿದ್ದರೆ ಜುಲೈ 3 ಎಂದು ಬರೆದ 03/07/2024 ಮಾರ್ಚ್ 7 ಆಗುತ್ತದೆ, 25/07/2024 ಬರೀ ಅಕ್ಷರವಾಗಿ ಉಳಿಯುತ್ತದೆ; ತಿಂಗಳವಾರು ಮೊತ್ತ ಅಲ್ಲಿಗೆ ಕೆಟ್ಟಿತು. ಎಕ್ಸೆಲ್ಲಿನಲ್ಲೇ ದತ್ತಾಂಶ ತಂದು ಹಸನು ಮಾಡುವ ಪವರ್ ಕ್ವೆರಿಯಲ್ಲಿ ‘ಯೂಸಿಂಗ್ ಲೊಕೇಲ್’ ಆರಿಸಿ ಇಂಗ್ಲಿಷ್ (ಇಂಡಿಯಾ) ಕೊಟ್ಟರೆ ಸರಿಹೋಗುತ್ತದೆ. ದತ್ತಾಂಶದಿಂದ ಚಾರ್ಟು, ವರದಿ ಮಾಡುವ ಪವರ್ ಬಿಐ ಡೆಸ್ಕ್‌ಟಾಪ್ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ. ಜಿಮೇಲ್ ವಿಳಾಸದಿಂದ ಅದರ ಆನ್‌ಲೈನ್ ಸೇವೆಗೆ ಸೇರಲಾಗದು. ಹಾಗಿರುವಾಗ ಆ ತರಬೇತುದಾರರ ಸಂಸ್ಥೆ ಆನ್‌ಲೈನಿನಲ್ಲಿ ‘ಪಬ್ಲಿಷ್ ಮಾಡಿದ ಲಿಂಕ್’ ಬೇಕೆಂದು ಕೂತಿತು! ಫೈಲನ್ನೇ ಸಲ್ಲಿಸಿದರೆ ಸಾಕು ಎಂದು ಮೊದಲೇ ಬರೆಸಿಕೊಳ್ಳಿ. ಮೊದಲ ತರಗತಿಗೆ ಮೂರು ದಿನ ಮುಂಚೆ ಪ್ರತಿಯೊಬ್ಬರಿಂದ ಎಕ್ಸೆಲ್ ಆವೃತ್ತಿಯ ಸ್ಕ್ರೀನ್‌ಶಾಟ್ ತರಿಸಿ ಇಟ್ಟುಕೊಳ್ಳಿ. ಮುಂದೆ ತಕರಾರು ಎದ್ದರೆ ಅದೇ ನಿಮ್ಮ ದಾಖಲೆ.

ಮಳೆಗಾಲದಲ್ಲಿ ಕರೆಂಟ್ ಹೋದದ್ದಕ್ಕೂ ಆ ತರಬೇತುದಾರರ ಸಂಭಾವನೆ ಕಡಿತದ ಲೆಕ್ಕದಲ್ಲಿ ಜಾಗ ಸಿಕ್ಕಿತ್ತು. ಇಂಟರ್ನೆಟ್ ತರುವ ಫೈಬರ್ ಪೆಟ್ಟಿಗೆ, ರೂಟರ್ ಎರಡಕ್ಕೂ ಬ್ಯಾಟರಿ ಬೇಕು. ಒಂದಕ್ಕೆ ಕೊಟ್ಟು ಪ್ರಯೋಜನವಿಲ್ಲ. ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ನೋಡಿಯೇ ಕೊಳ್ಳಿ. ಮೊಬೈಲ್ ಹಾಟ್‌ಸ್ಪಾಟಿಗೆ ಬೇರೆ ಕಂಪನಿಯ ಸಿಮ್ ಇರಲಿ.

ದುಡ್ಡಿನ ಮಾತು ಗಂಟೆಯ ಲೆಕ್ಕದಲ್ಲೇ ಆಗಲಿ: ಮುಂಗಡ ಒಂದು ಪಾಲು, ಪ್ರತಿ 10 ಗಂಟೆಗೊಂದು ಬಿಲ್ಲು. ಪಾಠದ ರೆಕಾರ್ಡಿಂಗ್ ಸಂಸ್ಥೆ ಮತ್ತೆ ಮಾರುವುದಾದರೆ ಅದಕ್ಕೆ ಬೇರೆ ದರ ಬರೆಸಿ. ಬಹಳ ಜನ ಇದನ್ನು ಮರೆಯುತ್ತಾರೆ. ಸಣ್ಣ ಉದ್ಯಮಗಳಿಗೆ ಸರ್ಕಾರದ ‘ಉದ್ಯಮ್’ ನೋಂದಣಿ ಉಚಿತ, ಕೆಲಸ ಹಿಡಿಯುವ ಮೊದಲೇ ಮಾಡಿಸಿ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಲಿಖಿತ ಕರಾರಿದ್ದರೂ ಸಣ್ಣ ಉದ್ಯಮಕ್ಕೆ 45 ದಿನ ಮೀರಿ ಹಣ ತಡೆಯುವಂತಿಲ್ಲ. ತಡೆದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

ಕೆಲಸ ಕೊಡಲು ‘ಡೆಪಾಸಿಟ್’ ಕೇಳುವವರೂ ಇದ್ದಾರೆ. ಅಲ್ಲಿ ಮಾತೇ ಬೇಡ. ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.