ಎಚ್-ಇಂಡೆಕ್ಸ್ ನಾಲ್ಕು, ಸ್ಪೈರಲ್ ಬೈಂಡಿಂಗ್ ಸಮೇತ

ದಾವಣಗೆರೆಯ ಜಯದೇವ ವೃತ್ತದಿಂದ ಸ್ವಲ್ಪ ಒಳಗೆ ಹೋದರೆ ಒಂದು ಡಿಟಿಪಿ ಅಂಗಡಿ. ಜೆರಾಕ್ಸ್, ಮದುವೆ ಕಾರ್ಡು, ಆನ್‌ಲೈನ್ ಅರ್ಜಿ ಎಲ್ಲ ಮಾಡುತ್ತಾರೆ. ಕಾಲೇಜಿನವರ ಬಡ್ತಿ ಫೈಲನ್ನೂ ಕಟ್ಟಿಕೊಡುತ್ತಾರೆ. ಹೊಗಳಿಕೆಯ ಜೊತೆ ಒಂದು ದೂರೂ ಇದೆ, ಹಾಗಾಗಿ ಹೆಸರು ಬೇಡ.

ನಾನು ಕಂಪ್ಯೂಟರ್ ಸೈನ್ಸ್ ಪಾಠ ಮಾಡುವವಳು. ಸಂಶೋಧನೆ ಮಾತ್ರ ಕನ್ನಡದ್ದು. ‘ಮನೆಯಲ್ಲಿದ್ದವರಿಗೂ’ ಅನ್ನುವುದು ನಮಗೆ ಒಂದೇ ಪದ. ಅದರೊಳಗೆ ಮನೆ, ಅಲ್ಲಿ, ಇದ್ದ, ಅವರಿಗೆ, ಊ ಎಲ್ಲ ಇವೆ ಅಂತ ಕಂಪ್ಯೂಟರಿಗೆ ಬಿಡಿಸಲು ಕಲಿಸುವುದು ನನ್ನ ಕೆಲಸ. ಒಟ್ಟು ಒಂಬತ್ತು ಪೇಪರ್. ಅವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವ ಲೆಕ್ಕ ಫೈಲಿಗೆ ಬೇಕಿತ್ತು.

ಅಂಗಡಿಯ ಹುಡುಗ, ಪೇಪರುಗಳನ್ನೂ ಅವುಗಳ ಉಲ್ಲೇಖಗಳನ್ನೂ ತೋರಿಸುವ ಗೂಗಲ್ ಸ್ಕಾಲರ್ ತೆಗೆದು, “ಹೆಸರು ಹೇಳಿ ಮೇಡಂ” ಅಂದ. ತಾಪತ್ರಯ ಶುರುವಾಗಿದ್ದೇ ಅಲ್ಲಿ. ಮದುವೆಗೆ ಮುಂಚಿನ ಎರಡು ಪೇಪರಿನಲ್ಲಿ ಅಪ್ಪನ ಇನಿಶಿಯಲ್. ಆಮೇಲಿನವುಗಳಲ್ಲಿ ಗಂಡನ ಮನೆತನದ ಹೆಸರು. ಒಂದರಲ್ಲಂತೂ ಊರಿನ ಅಕ್ಷರ ಹಿಂದೆ ಹೋಗಿ ಕೂತಿದೆ. ಹುಡುಗ ತಲೆ ಕೆಡಿಸಿಕೊಳ್ಳಲಿಲ್ಲ. ಹೆಸರು ಬಿಟ್ಟು, ನಾನು ಕೊಟ್ಟ ಪಟ್ಟಿಯ ಶೀರ್ಷಿಕೆಗಳನ್ನೇ ಒಂದೊಂದಾಗಿ ಹುಡುಕಿದ. ನನ್ನ ಪ್ರೊಫೈಲಿಗೆ ಸೇರದೆ ಉಳಿದಿದ್ದ ಎರಡು ಸಿಕ್ಕವು. ಇಷ್ಟಕ್ಕೇ ನಾಲ್ಕು ಸ್ಟಾರ್ ಕೊಡಬಹುದು.

ಆದರೆ ಪ್ರಿಂಟ್ ಕೈಗೆ ಬಂದಾಗ, ಈ ಉಲ್ಲೇಖಗಳನ್ನೆಲ್ಲ ಒಂದೇ ಅಂಕಿಯಲ್ಲಿ ಹೇಳುವ ಎಚ್-ಇಂಡೆಕ್ಸ್ ಐದು ಅಂತ ಇತ್ತು. ನನ್ನ ಒಂದೊಂದು ಪೇಪರಿಗೆ ಎಷ್ಟು ಉಲ್ಲೇಖ ಅನ್ನುವುದು ನನಗೆ ಬಾಯಿಪಾಠ: 41, 12, 7, 5, 3, 1, ಉಳಿದ ಮೂರಕ್ಕೆ ಸೊನ್ನೆ. ಕನಿಷ್ಠ ನಾಲ್ಕು ಸಲ ಉಲ್ಲೇಖವಾದ ಪೇಪರ್ ನಾಲ್ಕು ಇವೆ, ಹಾಗಾಗಿ ಇಂಡೆಕ್ಸೂ ನಾಲ್ಕು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಹೇಳಿದ ಲೆಕ್ಕ ಇದು. ಐದು ಎಲ್ಲಿಂದ ಬಂತು? ಹುಡುಕಿದರೆ, ಮೆಕ್ಕೆಜೋಳದ ರೋಗದ ಮೇಲಿನ ಒಂದು ಪೇಪರ್ ನನ್ನ ಪಟ್ಟಿಯಲ್ಲಿ ಕೂತಿದೆ! ನನ್ನದೇ ಹೆಸರಿನ ಕೃಷಿ ವಿಜ್ಞಾನಿ ಬರೆದಿದ್ದು. 112 ಉಲ್ಲೇಖ. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕಿರುವ ಬೆಲೆ ವ್ಯಾಕರಣಕ್ಕೆಲ್ಲಿ, ಅಲ್ವಾ? ಒಂದು ಕ್ಷಣ ಆಸೆ ಆಗಿದ್ದು ನಿಜ. ತೆಗೆಸಿದೆ. ಮತ್ತೆ ಪ್ರಿಂಟ್ ಮಾಡಿದ್ದಕ್ಕೂ ದುಡ್ಡು ಹಾಕಿದರು. ದೂರು ಅಂದಿದ್ದು ಇದೇ.

ಅಂಗಡಿ ಯಜಮಾನರು ಪಾಪ, ಸಮಾಧಾನ ಮಾಡಿದರು. “ಮೊನ್ನೆ ಒಬ್ರು ಕೆಮಿಸ್ಟ್ರಿ ಸಾರ್ ಬಂದಿದ್ರು ಮೇಡಂ, ಅವರದ್ದು ಹದಿನೆಂಟು. ನಿಮ್ಮದು ಯಾಕ್ರೀ ಇಷ್ಟು ಕಮ್ಮಿ?” ಸಮಾಧಾನ ಅಂದರೆ ಇದು!

ಉತ್ತರ ಅಲ್ಲೇ ಹೇಳಿದೆ, ಕರೆಂಟ್ ಹೋಗಿದ್ದರಿಂದ ಟೈಮೂ ಇತ್ತು. ಯಂತ್ರಾನುವಾದದ ಗುಣಮಟ್ಟ ಅಳೆಯುವ ‘ಬ್ಲೂ’ ಅಂಕದ ಪೇಪರ್ 2002ರದ್ದು. ಯಂತ್ರಾನುವಾದದ ಮೇಲೆ ಪೇಪರ್ ಬರೆಯುವವರಲ್ಲಿ ತುಂಬಾ ಜನ ಆ ಅಂಕ ಹಾಕುತ್ತಾರೆ, ಅದನ್ನು ಉಲ್ಲೇಖಿಸುತ್ತಾರೆ. ಹಾಗಾಗಿ ಅದಕ್ಕೆ ಹತ್ತಾರು ಸಾವಿರ ಉಲ್ಲೇಖ. ಕನ್ನಡದ ಪದ ಬಿಡಿಸುವ ಪೇಪರ್ ಬೇಕಾಗುವುದು ಕನ್ನಡದ ಮೇಲೆ ಕೆಲಸ ಮಾಡುವವರಿಗೆ. ಅವರೆಷ್ಟು ಜನ? ಇನ್ನೊಂದು ತಮಾಷೆ ನೋಡಿ. 2019ರಲ್ಲಿ ಕನ್ನಡ-ಎಂನಿಸ್ಟ್ ಅಂತ ಬಂತು. ಕೈಯಲ್ಲಿ ಬರೆದ ೦ಯಿಂದ ೯ರವರೆಗಿನ ಅಂಕಿಗಳ ಚಿತ್ರಗಳು, ತರಬೇತಿಗೆ 60,000, ಪರೀಕ್ಷೆಗೆ 10,000. ಅದನ್ನು ಬಳಸಲು ಕನ್ನಡ ಬರಲೇಬೇಕು ಅಂತೇನೂ ಇಲ್ಲ, ಹಾಗಾಗಿ ಹೊರಗಿನವರೂ ಅದನ್ನು ಉಲ್ಲೇಖಿಸಬಹುದು. ನನ್ನ 41ರಲ್ಲೂ ಆರು ನಾನೇ ನನ್ನನ್ನು ಉಲ್ಲೇಖಿಸಿಕೊಂಡಿದ್ದು. ಸ್ಕಾಲರ್ ಅದನ್ನೂ ಎಣಿಸುತ್ತದೆ.

ಯಜಮಾನರು ತಲೆಯಾಡಿಸಿದರು. ಆಮೇಲೆ, “ಕಾನ್ಫರೆನ್ಸ್ ಪೇಪರ್ ಹಿಂದಕ್ಕೆ ಹಾಕಲಾ? ಎಲ್ರೂ ಜರ್ನಲ್ ಮುಂದೆ ಇಡ್ತಾರೆ” ಅಂದರು. ಬೇಡ ಅಂದೆ. ಭಾಷೆ-ಕಂಪ್ಯೂಟರ್ ವಿಷಯದಲ್ಲಿ ಎಸಿಎಲ್ (ಈ ವಿಷಯದವರ ಅಂತರರಾಷ್ಟ್ರೀಯ ಸಂಘ) ನಡೆಸುವಂಥ ಸಮ್ಮೇಳನದ ಪೇಪರಿಗೇ ಮರ್ಯಾದೆ ಜಾಸ್ತಿ. ಎಸಿಎಲ್ ಆಂಥಾಲಜಿ ಅನ್ನುವ ವೆಬ್‌ಸೈಟಿನಲ್ಲಿ ಅವೆಲ್ಲ ಬಿಟ್ಟಿ ಓದಲು ಸಿಗುತ್ತವೆ. ನನ್ನ ಕಾನ್ಫರೆನ್ಸ್ ಪೇಪರ್‌ಗಳೇ ಮುಂದೆ ಬಂದವು.

ಪ್ರಿಂಟು, ಟ್ಯಾಗು, ಸ್ಪೈರಲ್ ಎಲ್ಲ ಸೇರಿ 460 ರೂಪಾಯಿ. ಬೈಂಡಿಂಗ್ ಗಟ್ಟಿಯಾಗಿದೆ. ಹೋಗುವವರು ಪೇಪರ್ ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಬೆಳಿಗ್ಗೆ ಹೋಗಿ ಆ ಹುಡುಗನನ್ನೇ ಕೇಳಿ, ಸಂಜೆ ಅವನಿಗೆ ಕಾಲೇಜಿದೆ. ಬೈಂಡ್ ಮಾಡುವ ಮುಂಚೆ ಒಂದೊಂದು ಶೀರ್ಷಿಕೆಯನ್ನೂ ಕಣ್ಣಾರೆ ನೋಡಿ. ಮೆಕ್ಕೆಜೋಳ ಇದ್ದರೆ ಆರಿಸಿ ತೆಗೆಸಿ.