ಕೌಂಟಿ ಜೈಲಿನಿಂದ ಅಂತ ಫೋನ್ ಬಂದರೆ ದುಡ್ಡು ಕಳಿಸಬೇಡಿ, ನಾನು ಕಳಿಸಿದೆ

ಬರೆಯಬೇಕೋ ಬೇಡವೋ ಅಂತ ಮೂರು ವಾರ ಒದ್ದಾಡಿದೆ. ಹೆಂಡತಿ ಬೇಡ ಅಂದಳು, ಹುಡುಗನ ಹೆಸರು ಹೊರಗೆ ಬರುತ್ತೆ ಅಂತ. ಹೆಸರು ಹಾಕುತ್ತಿಲ್ಲ. ಊರೂ ಬೇಡ, ಕ್ಯಾಲಿಫೋರ್ನಿಯಾ ಅಂತ ಇಟ್ಟುಕೊಳ್ಳಿ ಸಾಕು. ಇಲ್ಲಿ ಓದೋಕೆ ಬಂದಿರೋ ಮಕ್ಕಳಿಗೆ ಮಾವ, ಚಿಕ್ಕಪ್ಪ ಅಂತ ಇರೋ ನಮ್ಮಂಥವರು ಎಷ್ಟೋ ಜನ ಇದ್ದೀರಿ, ಅದಕ್ಕೆ ಬರೀತಿದ್ದೀನಿ. 1,480 ಡಾಲರ್ ಹೋಯ್ತು. ದುಡ್ಡಿಗಿಂತ, ಹೋದ ರೀತಿ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಅಕ್ಕನ ಮಗ ಇಲ್ಲಿ ಎಂಎಸ್ ಮಾಡ್ತಿದ್ದಾನೆ. ಶನಿವಾರ ರಾತ್ರಿ ಸ್ನೇಹಿತರ ಜೊತೆ ಕುಡಿದು ಕಾರು ಓಡಿಸಿ, ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಗುದ್ದಿದ. ಅದರಲ್ಲಿದ್ದ ಹೆಂಗಸಿಗೆ ಕುತ್ತಿಗೆ ಉಳುಕಿತು. ತಪ್ಪು ಅವನದೇ, ಅದರಲ್ಲಿ ಎರಡು ಮಾತಿಲ್ಲ. ಬರೀ ಕುಡಿದು ಓಡಿಸಿದ್ದರೆ ಬೆಳಗಾಗೋ ಹೊತ್ತಿಗೆ ಕಾಗದ ಕೊಟ್ಟು ಕಳಿಸುತ್ತಿದ್ದರೇನೋ, ಇನ್ನೊಬ್ಬರಿಗೆ ಪೆಟ್ಟಾಗಿದ್ದಕ್ಕೆ ಕೌಂಟಿ ಜೈಲಿಗೆ (ನಮ್ಮ ಜಿಲ್ಲಾ ಜೈಲಿನ ಥರ) ಹಾಕಿದರು. ರಾತ್ರಿ ಎರಡೂವರೆಗೆ ಅಲ್ಲಿಂದ ಫೋನ್. ಇಲ್ಲಿ ಹಿಡಿದ 3 ಗಂಟೆಯೊಳಗೆ 3 ಕರೆ ಮಾಡೋ ಹಕ್ಕಿದೆ, ಆದರೆ ಮೊಬೈಲ್ ತೆಗೆದಿಟ್ಟುಕೊಂಡಿರ್ತಾರೆ. ಇವನಿಗೆ ಬಾಯಿಪಾಠ ಇದ್ದಿದ್ದು ಎರಡೇ ನಂಬರು, ಶಿವಮೊಗ್ಗದಲ್ಲಿರೋ ಅಮ್ಮನದು, ನನ್ನದು. "ಮಾವ, ಅಮ್ಮಂಗೆ ಮಾತ್ರ ಹೇಳಬೇಡಿ" ಅಂತ ಅತ್ತ. ಹೇಳಲ್ಲ ಕಣೋ ಅಂದೆ.

ಭಾನುವಾರ ಬೆಳಗ್ಗೆ ಆ ಜೈಲು ನಡೆಸೋ ಕೌಂಟಿ ಪೊಲೀಸರ, ಅಂದರೆ ಶೆರಿಫ್ ಕಚೇರಿಯ ವೆಬ್ ಪುಟದಲ್ಲಿ ಅವನ ಹೆಸರು ಹಾಕಿ ಹುಡುಕಿದೆ. ಎಲ್ಲ ಬಂತು. ಪೂರ್ತಿ ಹೆಸರು, ಬುಕಿಂಗ್ ನಂಬರು, ಯಾವ ಸೆಕ್ಷನ್, ಬೇಲ್ 50,000 ಡಾಲರ್, ಕೋರ್ಟಿಗೆ ಯಾವತ್ತು. ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ. ಯಾರು ಬೇಕಾದರೂ ನೋಡಬಹುದು. ಇದನ್ನು ನೆನಪಿಡಿ, ನಾನು ನೆನಪಿಟ್ಟುಕೊಳ್ಳಲಿಲ್ಲ.

ಒಬ್ಬ ಬೇಲ್ ಬಾಂಡ್ ಏಜೆಂಟನಿಗೆ ಫೋನ್ ಮಾಡಿದೆ. ನಮ್ಮ ಪರವಾಗಿ ಕೋರ್ಟಿಗೆ ಜಾಮೀನು ನಿಲ್ಲೋರು ಇವರು, ಬೇಲ್ ಮೊತ್ತದ 10 ಪರ್ಸೆಂಟ್ ಅವರಿಗೆ, ಅಂದರೆ 5,000. ಕೇಸು ಬಿದ್ದುಹೋದರೂ ಅದು ವಾಪಸ್ ಬರಲ್ಲ. ಪೂರ್ತಿ 50,000 ನಾವೇ ಕಟ್ಟಿದರೆ ಕೇಸು ಮುಗಿದ ಮೇಲೆ ಬರುತ್ತೆ, ಆದರೆ ಅಷ್ಟು ದುಡ್ಡು ಯಾರ ಹತ್ತಿರ ಇದೆ? ಸ್ನೇಹಿತರನ್ನು ಕೇಳೋಣ ಅಂದರೆ ಒಬ್ಬನಿಗೆ ಗೊತ್ತಾದರೆ ಮುಂದಿನ ಭಾನುವಾರದೊಳಗೆ ಇಡೀ ಕನ್ನಡ ಕೂಟಕ್ಕೆ ಗೊತ್ತು. ಮರ್ಯಾದೆ ಮರ್ಯಾದೆ ಅಂತ ಬಾಯಿ ಮುಚ್ಚಿಕೊಂಡು ಕೂತೆ.

ಮಧ್ಯಾಹ್ನ ಎರಡು ಗಂಟೆಗೆ ಬಂತು ಫೋನ್. ಸ್ಕ್ರೀನ್ ಮೇಲೆ ಶೆರಿಫ್ ಕಚೇರಿಯದೇ ನಂಬರು. ಸಾರ್ಜೆಂಟ್ ಅಂತ ಒಂದು ಹೆಸರು ಹೇಳಿದ, ಬ್ಯಾಡ್ಜ್ ನಂಬರ್ ಕೊಟ್ಟ. ಹಿಂದುಗಡೆ ವಾಕಿಟಾಕಿ ಗೊರಗೊರ ಸದ್ದು. ಹುಡುಗನ ಪೂರ್ತಿ ಹೆಸರು, ಬುಕಿಂಗ್ ನಂಬರು, ಸೆಕ್ಷನ್ನು, ಬೇಲ್ ಮೊತ್ತ ಎಲ್ಲ ಒಂದೂ ತಡವರಿಸದೆ ಓದಿದ. ಇಷ್ಟೆಲ್ಲ ಗೊತ್ತಿರಬೇಕಾದರೆ ಜೈಲಿನವನೇ ಅಂದುಕೊಂಡೆ. ಅಲ್ಲ ಸ್ವಾಮಿ, ಬೆಳಗ್ಗೆ ನಾನು ನೋಡಿದ ಪುಟವನ್ನೇ ಅವನು ನನಗೆ ಓದಿ ಹೇಳಿದ್ದು! ನಾನು ನೋಡಿದ್ದ ಪುಟ! ಹದಿನಾಲ್ಕು ವರ್ಷ ಸಾಫ್ಟ್‌ವೇರ್‌ನಲ್ಲಿದ್ದೀನಿ, ಆಫೀಸಿನಲ್ಲಿ ಪ್ರತಿ ವರ್ಷ ಇಂಥ ಮೋಸ ಗುರುತಿಸೋ ಫಿಶಿಂಗ್ ಟ್ರೈನಿಂಗ್ ಮುಗಿಸಿ ಸರ್ಟಿಫಿಕೇಟ್ ತಗೋತೀನಿ.

ಅವನು ಹೇಳಿದ್ದು ಇಷ್ಟು. ಹುಡುಗನ ಮೇಲೆ ಹಳೇ ಕೇಸಿಲ್ಲ, ಕಾಲಿಗೆ ಜಿಪಿಎಸ್ ಪಟ್ಟಿ ಹಾಕಿ ಇವತ್ತೇ ಬಿಡಬಹುದು, ಅದಕ್ಕೆ 1,480 ಡಾಲರ್ ಡಿಪಾಸಿಟ್, ಕೇಸು ಮುಗಿದ ಮೇಲೆ ವಾಪಸ್. ಸಂಜೆ ಆರರೊಳಗೆ ಆಗದಿದ್ದರೆ ಇಮಿಗ್ರೇಶನ್ ಹೋಲ್ಡ್ ಬೀಳುತ್ತೆ, ಅಂದರೆ ಇಮಿಗ್ರೇಶನ್‌ನವರಿಗೋಸ್ಕರ ಜೈಲಿನಲ್ಲೇ ಹಿಡಿದಿಡ್ತಾರೆ, ಆಮೇಲೆ ನಮ್ಮ ಕೈಯಲ್ಲಿಲ್ಲ. ಕರೆ ರೆಕಾರ್ಡ್ ಆಗ್ತಿದೆ, ಕಟ್ ಮಾಡಬೇಡಿ, ಯಾರ ಜೊತೆಗೂ ಚರ್ಚೆ ಮಾಡಬೇಡಿ. 5,000 ಎಲ್ಲಿ, 1,480 ಎಲ್ಲಿ. ನಿಜ ಹೇಳಬೇಕಂದರೆ ಒಳಗೊಳಗೇ ಖುಷಿ ಆಯ್ತು ನನಗೆ.

ಭಾನುವಾರ ಕ್ಯಾಶಿಯರ್ ಇಲ್ಲ, ಝೆಲ್ ಮಾಡಿ ಅಂದ. ಝೆಲ್ ಅಂದರೆ ಫೋನಿನಿಂದಲೇ ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ದುಡ್ಡು ಕಳಿಸೋದು. ಹೆಂಡತಿ ಅಡುಗೆಮನೆಯಿಂದ ಬಂದು ಪಿಸುಗುಟ್ಟಿದಳು, "ಸರ್ಕಾರದವರು ಝೆಲ್‌ನಲ್ಲಿ ದುಡ್ಡು ತಗೋತಾರೇನ್ರೀ?" ನಾನು ಸುಮ್ಮನಿರು ಅಂತ ಕೈ ಬೀಸಿದೆ. ಝೆಲ್‌ನಲ್ಲಿ ಬಂದ ಹೆಸರು ಯಾರೋ ಹೆಣ್ಣುಮಗಳದು. ಕೇಳಿದೆ. "ಬಾಂಡಿಂಗ್ ಆಫೀಸರ್ ಸರ್, ವಾರಾಂತ್ಯದ ಅಕೌಂಟು" ಅಂದ. ಧ್ವನಿಯಲ್ಲಿ ಒಂದು ಚೂರು ಏರಿಳಿತ ಇಲ್ಲ. "ನನಗೂ ಮಗ ಇದ್ದಾನೆ ಸರ್, ನಿಮ್ಮ ಕಷ್ಟ ಅರ್ಥ ಆಗುತ್ತೆ" ಅಂತ ಬೇರೆ. ಕಳಿಸಿದೆ. ಥ್ಯಾಂಕ್ಸ್ ಅಂತಲೂ ಹೇಳಿದೆ. ಎರಡು ಸಲ ಹೇಳಿದೆ.

ಐದು ಗಂಟೆಗೆ ಜೈಲಿನ ಪಾರ್ಕಿಂಗ್‌ನಲ್ಲಿ ಡಬ್ಬಿಯಲ್ಲಿ ಮೊಸರನ್ನ ಇಟ್ಟುಕೊಂಡು ಕಾದೆ, ಹುಡುಗ ಹಸಿದಿರ್ತಾನೆ ಅಂತ. ಆರಾಯ್ತು, ಏಳಾಯ್ತು. ಇನ್ನೊಂದು ನಂಬರಿನಿಂದ ಮೆಸೇಜು, ಜಿಪಿಎಸ್ ಆಕ್ಟಿವೇಶನ್‌ಗೆ ಇನ್ನೂ 950 ಬೇಕು. ಆಗಲೂ ಪೂರ್ತಿ ಅನುಮಾನ ಬರಲಿಲ್ಲ, ನೋಡಿ ನನ್ನ ಬುದ್ಧಿ! ವಿಚಾರಿಸೋಣ ಅಂತ ಕಿಟಕಿ ಹತ್ತಿರ ಹೋದೆ. ಗಾಜಿನ ಆಚೆ ಕೂತಿದ್ದ ಡೆಪ್ಯುಟಿ ಹೆಸರು ಕೇಳಿ ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದಳು. ಇವತ್ತು ಅವನ ಬಿಡುಗಡೆ ಇಲ್ಲ, ನಾವು ಯಾರಿಗೂ ಫೋನ್ ಮಾಡಿ ದುಡ್ಡು ಕೇಳಲ್ಲ ಅಂದಳು. ಆಮೇಲೆ ಪೆನ್ನಿನಿಂದ ಗಾಜಿನ ಈಚೆ ಬದಿ ತೋರಿಸಿದಳು. ಅಲ್ಲಿ ಪ್ಲಾಸ್ಟಿಕ್ ಹೊದಿಸಿದ ಕಾಗದ, ಇದೇ ಮೋಸದ ಬಗ್ಗೆ, ಮೂರು ಭಾಷೆಯಲ್ಲಿ. ಐದು ನಿಮಿಷದಿಂದ ನಾನು ಅದರ ಮೇಲೇ ಮೊಣಕೈ ಊರಿಕೊಂಡು ನಿಂತಿದ್ದೆ. ಹಿಂದೆ ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಕೈಯಲ್ಲಿ ಮೊಸರನ್ನದ ಡಬ್ಬಿ.

ಬಂದ ನಂಬರಿಗೆ ವಾಪಸ್ ಮಾಡಿದರೆ ನಿಜವಾದ ಶೆರಿಫ್ ಕಚೇರಿಗೇ ಹೋಗುತ್ತೆ, ಅವನು ಸ್ಕ್ರೀನ್ ಮೇಲೆ ಆ ನಂಬರು ಕಾಣೋ ಹಾಗೆ ಮಾಡಿದ್ದ ಅಷ್ಟೇ, ಅಂಥ ಹೆಸರಿನ ಸಾರ್ಜೆಂಟ್ ಇಲ್ಲ ಅಂದರು. ಮೆಸೇಜ್ ನಂಬರಿಗೆ ಬೈದು ಬರೆದೆ. ಉತ್ತರ: "ನಿಮ್ಮ ಕೋಪ ಸಹಜ ಸರ್. 950 ಬಂದ ಕೂಡಲೇ ಬಿಡುಗಡೆ." ಜೈಲಿನ ಕಿಟಕಿ ಮುಂದೆಯೇ ನಿಂತಿದ್ದೀನಿ ಕಣಯ್ಯ ಅಂತ ಬರೆದೆ. ಅದಕ್ಕೆ, "ಹ್ಯಾವ್ ಎ ಬ್ಲೆಸ್ಡ್ ಈವ್ನಿಂಗ್." ಅಷ್ಟೇ. ಆಮೇಲೆ ಬ್ಲಾಕ್.

ಬ್ಯಾಂಕಿನವರದು ಇನ್ನೊಂದು ಕಥೆ. ಮೂರು ಸಲ ಮಾತಾಡಿದೆ, ಮೂರು ಸಲವೂ ಅದೇ ಉತ್ತರ, ನೀವೇ ಒಪ್ಪಿ ಕಳಿಸಿದ್ದೀರಿ. ಎಫ್‌ಬಿಐನ ಇಂಟರ್ನೆಟ್ ಕ್ರೈಮ್ ಪುಟದಲ್ಲಿ ದೂರು ಹಾಕಿದ್ದೀನಿ, ಒಂದು ನಂಬರು ಕೊಟ್ಟಿದ್ದಾರೆ, ಇಟ್ಟುಕೊಂಡಿದ್ದೀನಿ.

ಹೊಟ್ಟೆ ಉರಿಯೋದು ಮುಂದಿನದಕ್ಕೆ. ಇಲ್ಲಿ 48 ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಲಿಸಬೇಕು, ಭಾನುವಾರ, ರಜೆ ಲೆಕ್ಕಕ್ಕಿಲ್ಲ. ಮಂಗಳವಾರ ನಿಲ್ಲಿಸಿದರು. ಸರ್ಕಾರವೇ ಕೊಡೋ ಪಬ್ಲಿಕ್ ಡಿಫೆಂಡರ್ ಮಾತಾಡಿದರು, ಅವನದೇ ಮುಚ್ಚಳಿಕೆ ಮೇಲೆ ಬಿಟ್ಟರು. ಕಟ್ಟಿದ್ದು ಸೊನ್ನೆ ಡಾಲರ್. ಸುಮ್ಮನೆ ಎರಡು ದಿನ ಕಾದಿದ್ದರೆ ಆಗಿತ್ತು. ಆ ಹೋಲ್ಡ್ ಅನ್ನೋ ಬೆದರಿಕೆ ಬಗ್ಗೆಯೂ ವಕೀಲರನ್ನು ಕೇಳಿದೆ. 2018ರಿಂದ ಜಾರಿಯಲ್ಲಿರೋ ರಾಜ್ಯದ ಕಾನೂನಿನ ಪ್ರಕಾರ ಇಮಿಗ್ರೇಶನ್‌ನವರ ಕೋರಿಕೆ ಕಾಗದ ಬಂತು ಅಂತ ಕೌಂಟಿ ಜೈಲಿನವರು ಬಿಡುಗಡೆ ಆಗಬೇಕಾದವನನ್ನು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ವಕೀಲರನ್ನೇ ಕೇಳಿ. ವೀಸಾ ತಲೆನೋವು ಬೇರೆಯೇ, ಅದು ಇನ್ನೂ ನಡೀತಿದೆ.

ಆದ್ದರಿಂದ, ಯಾರೇ ಫೋನ್ ಮಾಡಲಿ, ಕಟ್ ಮಾಡಿ ಜೈಲಿನ ನಂಬರನ್ನು ನೀವೇ ಹುಡುಕಿ ಫೋನ್ ಮಾಡಿ. ಝೆಲ್, ಗಿಫ್ಟ್ ಕಾರ್ಡ್ ಅಂದರೆ ಅಲ್ಲಿಗೇ ಮುಗೀತು, ಅದು ಜೈಲಲ್ಲ. ಏಜೆಂಟ್ ಬೇಕೇ ಬೇಕು ಅಂದರೆ ರಾಜ್ಯದ ಇನ್ಶೂರೆನ್ಸ್ ಇಲಾಖೆಯ ಲೈಸೆನ್ಸ್ ಇದೆಯಾ ನೋಡಿ. ಒಳಗಿಂದ ಮಕ್ಕಳು ಮಾಡೋ ಕರೆ ರೆಕಾರ್ಡ್ ಆಗುತ್ತೆ, ಫೋನಲ್ಲಿ ಕೇಸಿನ ವಿಷಯ ಬೇಡ. ಮಕ್ಕಳಿಗೆ ನಿಮ್ಮ ನಂಬರ್ ಬಾಯಿಪಾಠ ಮಾಡಿಸಿ. ಮತ್ತೆ ಹೆಂಡತಿ ಏನಾದರೂ ಕೇಳಿದರೆ ಕೈ ಬೀಸಬೇಡಿ.

ಕಳೆದ ಗುರುವಾರ ಮತ್ತೆ ಫೋನ್ ಬಂತು. ಧ್ವನಿ ಬೇರೆ, ವಾಕಿಟಾಕಿ ಸದ್ದು ಅದೇ. ನಿಮ್ಮ 1,480 ವಾಪಸ್ ಬಂದಿದೆ ಸರ್, ಪ್ರೋಸೆಸಿಂಗ್‌ಗೆ 200 ಕಟ್ಟಿದರೆ ಸಾಕು ಅಂದ. ನಾನು ಏನೂ ಮಾತಾಡದೆ ಫೋನನ್ನು ಹೆಂಡತಿ ಕೈಗೆ ಕೊಟ್ಟೆ. ಅವಳು ಸ್ಪೀಕರ್ ಹಾಕಿ, ನಿಧಾನಕ್ಕೆ, "ಝೆಲ್‌ನಲ್ಲಾ?" ಅಂತ ಕೇಳಿದಳು.