ಔಟ್‌ಪುಟ್ ವಾಲ್ವ್‌ಗಳ ಸ್ಪೇರ್: ಹೊಸ ತಯಾರಿಕೆಯದೋ, ಹಳೆಯ ದಾಸ್ತಾನಿನದೋ?

ನನ್ನದು ವಾಲ್ವ್‌ಗಳಿಂದ, ಅಂದರೆ ಗಾಜಿನ ನಿರ್ವಾತ ನಳಿಕೆಗಳಿಂದ, ನಡೆಯುವ ಆಂಪ್ಲಿಫೈಯರ್. ಸ್ಪೀಕರಿಗೆ ಶಕ್ತಿ ಕೊಡುವ ಅದರ ಔಟ್‌ಪುಟ್ ಹಂತದಲ್ಲಿ ನಾಲ್ಕು ಇಎಲ್84 ವಾಲ್ವ್‌ಗಳೂ ಅದಕ್ಕೂ ಮೊದಲಿನ ಹಂತದಲ್ಲಿ ಎರಡು ಇಸಿಸಿ83 ವಾಲ್ವ್‌ಗಳೂ ಇವೆ. ಇವುಗಳಿಗೆ ಸ್ಪೇರ್ ಎಂದು ಮೂರು ಬಗೆಯ ವಾಲ್ವ್‌ಗಳನ್ನು ಕೊಂಡು ಬಳಸಿ ನೋಡಿದ್ದೇನೆ: ಸ್ಲೊವಾಕಿಯದ ಜೆಜೆ ಕಂಪನಿಯ ಈಗಿನ ತಯಾರಿಕೆಯವು, ದಶಕಗಳ ಹಿಂದೆ ಯುರೋಪಿನ ಕಾರ್ಖಾನೆಗಳಲ್ಲಿ ತಯಾರಾಗಿ ಬಳಕೆಯಾಗದೆ ಉಳಿದ ಹಳೆಯ ದಾಸ್ತಾನಿನವು, ಮತ್ತು ಬೇರೆ ಯಂತ್ರಗಳಿಂದ ಬಿಚ್ಚಿ, ಪರೀಕ್ಷಿಸಿ ಮಾರುವ ಬಳಸಿದ ವಾಲ್ವ್‌ಗಳು. ಔಟ್‌ಪುಟ್ ಹಂತದ ಮಟ್ಟಿಗೆ ಜೆಜೆಯ, ಒಂದೇ ಅಳತೆಯವನ್ನು ಆರಿಸಿ ಹೊಂದಿಸಿದ ನಾಲ್ಕರ ಸೆಟ್ಟೇ ನನಗೆ ಮೆಚ್ಚುಗೆಯಾದದ್ದು. ಹಳೆಯ ದಾಸ್ತಾನಿನ ನಾದದಲ್ಲಿ ಕೊರತೆ ಇರಲಿಲ್ಲ. ಮಧ್ಯ ಸ್ವರಗಳು ಅದರಲ್ಲಿ ಇನ್ನಷ್ಟು ತುಂಬಿಕೊಂಡು ಕೇಳಿಸಿದವು ಎಂದೇ ಹೇಳಬೇಕು. ತೊಂದರೆ ಬಂದದ್ದು ಬೇರೆ ಕಡೆಯಿಂದ.

ಆ ಹಳೆಯ ನಾಲ್ಕು ವಾಲ್ವ್‌ಗಳ ಪಿನ್‌ಗಳು ಹೊಳೆಯುತ್ತಿದ್ದವು, ಒಳಗಿನ ಅನಿಲವನ್ನು ಹೀರಿಕೊಳ್ಳಲೆಂದು ಗಾಜಿನ ತುದಿಯಲ್ಲಿರುವ ಗೆಟರ್ ಲೇಪ ಕಪ್ಪು ಬೆಳ್ಳಿಯ ಬಣ್ಣದಲ್ಲಿ ದಟ್ಟವಾಗಿತ್ತು, ಮಾರಿದವರು ಪ್ರತಿಯೊಂದರ ಪ್ಲೇಟ್ (ಎಲೆಕ್ಟ್ರಾನುಗಳು ಬಂದು ಸೇರುವ ಭಾಗ) ಕರೆಂಟನ್ನು ಅಳೆದು ಪೆಟ್ಟಿಗೆಯ ಮೇಲೆ ಬರೆದೂ ಇದ್ದರು. ನನ್ನ ಆಂಪ್ಲಿಫೈಯರಿನಲ್ಲಿ ಪ್ರತಿ ವಾಲ್ವಿನ ಕ್ಯಾಥೋಡಿಗೂ (ಎಲೆಕ್ಟ್ರಾನುಗಳು ಹೊರಡುವ ಭಾಗ) ಪ್ರತ್ಯೇಕವಾಗಿ 270 ಓಮ್‌ನ ರೆಸಿಸ್ಟರ್ ಇರುವುದರಿಂದ ಅಳತೆ ಸುಲಭ: ಅದರ ಎರಡು ತುದಿಗಳ ನಡುವೆ 10.8 ವೋಲ್ಟ್ ಕಂಡರೆ 40 ಮಿಲಿಆಂಪಿಯರ್ ಹರಿಯುತ್ತಿದೆ ಎಂದರ್ಥ. ಸ್ವಿಚ್ ಹಾಕಿದ ಕೆಲವು ನಿಮಿಷಗಳಲ್ಲಿ ನಾಲ್ಕೂ ಅದರ ಆಸುಪಾಸಿನಲ್ಲಿ ನಿಂತವು. ಅರ್ಧ ಗಂಟೆಯ ನಂತರ ಮೂರು ಅಲ್ಲೇ ಇದ್ದವು. ನಾಲ್ಕನೆಯದು ಮಾತ್ರ ಮೆಲ್ಲಮೆಲ್ಲನೆ ಏರಿ 13 ವೋಲ್ಟ್ ಮುಟ್ಟಿತ್ತು, ಅಂದರೆ ಸುಮಾರು 48 ಮಿಲಿಆಂಪಿಯರ್. ಪ್ಲೇಟಿಗೂ ಕ್ಯಾಥೋಡಿಗೂ ನಡುವೆ 300 ವೋಲ್ಟಿನಷ್ಟು ಇರುವಾಗ ಇದು ಇಎಲ್84ರ ಪ್ಲೇಟ್ ತಾಳುವ 12 ವ್ಯಾಟ್ ಮಿತಿಯನ್ನು ದಾಟುತ್ತದೆ.

ಕಾರಣ ಒಳಗೆ ಉಳಿದ ಅನಿಲ. ವರ್ಷಗಟ್ಟಲೆ ಬಳಸದೆ ಇಟ್ಟ ವಾಲ್ವಿನಲ್ಲಿ ಅತ್ಯಲ್ಪ ಅನಿಲ ಸೇರಿಕೊಂಡಿದ್ದರೆ, ಎಲೆಕ್ಟ್ರಾನುಗಳ ಹೊಡೆತಕ್ಕೆ ಅದು ಧನ ಅಯಾನುಗಳಾಗಿ ಒಡೆದು, ಅವು ಋಣ ವೋಲ್ಟೇಜಿನಲ್ಲಿದ್ದು ಪ್ಲೇಟ್ ಕರೆಂಟನ್ನು ಹಿಡಿತದಲ್ಲಿಡುವ ಗ್ರಿಡ್ಡಿನತ್ತ ಸಾಗುತ್ತವೆ. ಆ ಸಣ್ಣ ಕರೆಂಟು ಗ್ರಿಡ್ ರೆಸಿಸ್ಟರಿನ ಮೂಲಕ ಹರಿದಾಗ ಗ್ರಿಡ್ಡಿನ ಹಿಡಿತ ಸಡಿಲವಾಗಿ ಪ್ಲೇಟ್ ಕರೆಂಟು ಹೆಚ್ಚುತ್ತದೆ, ಕರೆಂಟು ಹೆಚ್ಚಿದಂತೆ ಬಿಸಿ ಏರುತ್ತದೆ, ಬಿಸಿ ಏರಿದಂತೆ ಲೋಹದ ಭಾಗಗಳು ಮತ್ತಷ್ಟು ಅನಿಲ ಬಿಡುತ್ತವೆ. ಕ್ಯಾಥೋಡ್ ರೆಸಿಸ್ಟರ್ ಇದ್ದುದರಿಂದ ಏರಿಕೆಗೆ ಒಂದು ತಡೆ ಇತ್ತು. ಗ್ರಿಡ್ಡಿನ ಋಣ ವೋಲ್ಟೇಜನ್ನು ಹೊರಗಿನಿಂದ ಕೊಡುವ ಸ್ಥಿರ ಬಯಾಸಿನ ಯಂತ್ರದಲ್ಲಿ ಅದೂ ಇರುವುದಿಲ್ಲ. ಮಾರುವವರ ಟೆಸ್ಟರಿನಲ್ಲಿ ವಾಲ್ವ್ ಇರುವುದು ಒಂದೆರಡು ನಿಮಿಷವಾದ್ದರಿಂದ ಈ ದೋಷ ಅಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಹೀಟರನ್ನು ಮಾತ್ರ ಹಲವು ಗಂಟೆ ಉರಿಸಿದರೆ ಕೆಲವು ವಾಲ್ವ್‌ಗಳು ಸುಧಾರಿಸುತ್ತವೆ. ಇದೂ ಸ್ವಲ್ಪ ಸುಧಾರಿಸಿತು, ಆದರೆ ನಂಬುವಷ್ಟಲ್ಲ.

ಕೆಟ್ಟದ್ದು ಒಂದೇ ಆದರೂ ಸೆಟ್ಟೇ ಮುರಿಯಿತು. ಜೋಡಿಯಾಗಿ ವಿರುದ್ಧ ದಿಕ್ಕುಗಳಲ್ಲಿ ದುಡಿಯುವ ಪುಶ್‌ಪುಲ್ ಹಂತದ ಎರಡು ವಾಲ್ವ್‌ಗಳು ನೊಗಕ್ಕೆ ಕಟ್ಟಿದ ಎತ್ತುಗಳಂತೆ ಸಮನಾಗಿ ಎಳೆಯಬೇಕು. ಇಲ್ಲವಾದರೆ ಉಳಿದ ಡಿಸಿ ಕರೆಂಟು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತಿರುಳನ್ನು ಒಂದೇ ಕಡೆಗೆ ಕಾಂತೀಕರಿಸುತ್ತದೆ ಮತ್ತು ತಗ್ಗಿನ ಸ್ವರಗಳು ಮೊದಲು ಕೆಡುತ್ತವೆ. ಅದೇ ಕಾರ್ಖಾನೆಯ, ಅದೇ ಕಾಲದ, ಅದೇ ಅಳತೆಯ ಇನ್ನೊಂದು ವಾಲ್ವನ್ನು ಎಲ್ಲಿಂದ ತರುವುದು? ಈಗಿನ ತಯಾರಿಕೆಯಲ್ಲಿ ಈ ಪ್ರಶ್ನೆಯೇ ಇಲ್ಲ; ಇನ್ನೊಂದು ಹೊಂದಿಸಿದ ಸೆಟ್ ತರಿಸಿದರಾಯಿತು.

ಹಳೆಯ ದಾಸ್ತಾನಿನಲ್ಲಿ ನಕಲಿಯ ಭಯವೂ ಇದೆ. ಗಾಜಿನ ಮೇಲಿನ ಮುದ್ರೆಯನ್ನು ಯಾರಾದರೂ ಹಾಕಬಹುದು. ಫಿಲಿಪ್ಸ್ ಬಳಗದ ವಾಲ್ವಿನ ಬುಡದಲ್ಲಿ ಕೊರೆದಿರುವ ಕಾರ್ಖಾನೆ ಸಂಕೇತವೇ ನಂಬಿಕೆಗೆ ಅರ್ಹ, ಆ ಬಳಗದ ಬ್ರಿಟಿಷ್ ಕಂಪನಿ ಮುಲ್ಲಾರ್ಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಗೆ ಅಲ್ಲಿ ‘ಬಿ’ ಅಕ್ಷರವಿರುತ್ತದೆ. ಈಗ ಮುಲ್ಲಾರ್ಡ್ ಹೆಸರಿನಲ್ಲಿ ಹೊಸದಾಗಿ ಬರುವವು ರಷ್ಯಾದ ಸರಾಟೊವ್‌ನಲ್ಲಿ ತಯಾರಾದವು.

ಬಳಸಿದ ವಾಲ್ವ್‌ಗಳು ಅಗ್ಗ. ಆದರೆ ಟೆಸ್ಟರ್ ಇಂದಿನ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಉಳಿದ ಆಯುಷ್ಯವನ್ನಲ್ಲ. ದೋಷ ಹುಡುಕುವಾಗ ಹಾಕಿ ನೋಡಲು ಒಂದು ಜೋಡಿ ಇದ್ದರೆ ಸಾಕು.

ಇಸಿಸಿ83ರ ವಿಷಯದಲ್ಲಿ ಮಾತ್ರ ನನ್ನ ತೀರ್ಪು ತಿರುಗುತ್ತದೆ. ಅದರಲ್ಲಿ ಹರಿಯುವುದು ಒಂದು ಮಿಲಿಆಂಪಿಯರಿನ ಸುತ್ತಮುತ್ತ, ಬಿಸಿ ಕಡಿಮೆ, ಬಾಳಿಕೆ ದೀರ್ಘ, ನನ್ನ ಯಂತ್ರದಲ್ಲಿ ಅದಕ್ಕೆ ಜೋಡಿ ಹೊಂದಿಸುವ ಅಗತ್ಯವೂ ಇಲ್ಲ. ಅಲ್ಲಿ ಹಳೆಯ ದಾಸ್ತಾನಿಗೆ ಹಣ ಹಾಕಿದರೆ ಅದರ ನಾದವನ್ನು ವರ್ಷಗಳ ಕಾಲ ಅನುಭವಿಸಬಹುದು.

ನಾನು ಪ್ರತಿದಿನ ಸಂಜೆ ತಪ್ಪದೆ ಸಂಗೀತ ಕೇಳುವವನು. ಔಟ್‌ಪುಟ್ ವಾಲ್ವ್‌ಗಳು ನನ್ನಲ್ಲಿ ಸವೆದೇ ಸವೆಯುತ್ತವೆ, ಮತ್ತು ಹಳೆಯ ದಾಸ್ತಾನಿನ ಒಂದು ಜೋಡಿಗೆ ತೆತ್ತ ಹಣದಲ್ಲಿ ಹೊಸ ತಯಾರಿಕೆಯ ನಾಲ್ಕೂ ಬಂದು ಇನ್ನೂ ಉಳಿಯುತ್ತಿತ್ತು. 2022ರಲ್ಲಿ ರಷ್ಯಾ ರಫ್ತು ನಿಲ್ಲಿಸಿದಾಗ ವಾಲ್ವ್‌ಗಳಿಗೆ ಅಭಾವ ಬಂದು ಬೆಲೆ ಏರಿದ್ದನ್ನು ಕಂಡ ಮೇಲೆ ಎರಡು ಸೆಟ್ ಮುಂಗಡವಾಗಿ ಇಟ್ಟುಕೊಂಡಿದ್ದೇನೆ. ಯಾವುದೇ ಸೆಟ್ ಬಂದರೂ ಮೊದಲು ಆಂಪ್ಲಿಫೈಯರಿನಲ್ಲಿ ಹಾಕಿ, ಒಂದು ಸಂಜೆ ಪೂರ್ತಿ ನಡೆಸಿ, ಆರಂಭದ ಹಾಗೂ ಕೊನೆಯ ವೋಲ್ಟೇಜನ್ನು ಪೆಟ್ಟಿಗೆಯ ಮೇಲೆ ಬರೆದೇ ಕಪಾಟಿಗೆ ಸೇರಿಸುತ್ತೇನೆ; ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಇದು ಆಗಬೇಕು.